ಕಾವಲಿನವರು ಕಾಲಿಡದ ದೊಡ್ಡಿ

ಝುಂಗು ಮನೆ, ನೊಂಗೊಮಾ ರಸ್ತೆ
9 ಫೆಬ್ರವರಿ 2014

ಮಗಳೇ ನೊಕುಲಿಂದಾ,

ನನ್ನ ಕಂಕುಳಿಗೆ ನೀವು ಹಾಕಿದ ಹೊಲಿಗೆಯನ್ನು ನಿನ್ನೆ ಬಿಚ್ಚಿಸಿಕೊಂಡು ಬಂದೆ. ನಮ್ಮ ಕ್ಲಿನಿಕ್ಕಿನ ಸಿಸ್ಟರ್ ನೋಡಿ, "ಯಾರಮ್ಮಾ ಹೊಲಿದಿದ್ದು, ಒಳ್ಳೆ ಮದುವೆ ರವಿಕೆ ಹೊಲಿದ ಹಾಗಿದೆ" ಅಂದಳು. "ಡರ್ಬನ್ ಪ್ರಯೋಗಾಲಯದೋರು ಕಣಮ್ಮಾ, ನನ್ನ ಕಂಕುಳ ಗಂಟು ಬೇಕು ಅಂತ ಕಾರು ಕಳಿಸಿ ಕರೆಸ್ಕೊಂಡ್ರು" ಎಂದು ಸ್ವಲ್ಪ ಗಟ್ಟಿಯಾಗಿಯೇ ಹೇಳಿದೆ. ಬೆಂಚಿನ ಮೇಲೆ ಕೂತಿದ್ದವರಿಗೂ ಕೇಳಿಸಲಿ ಎಂದು.

ನಿಜ ಹೇಳುತ್ತೇನೆ, ನೀನು ಬರೀ ಡಾಕ್ಟರಮ್ಮ ಆಗಿದ್ದರೆ ಗಂಟು ಕೊಡುತ್ತಿರಲಿಲ್ಲ. ನಿನ್ನ ತಾಯಿಯೂ ನನ್ನ ಹಾಗೆ ಹುಟ್ಟಿನಿಂದ ಬೆಂಗು ಮನೆತನದವಳು ಎಂದ ಕ್ಷಣಕ್ಕೇ ನೀನು ನನ್ನ ತಂಗಿಯ ಮಗಳಾದೆ. ಮಗಳು ಕೇಳಿದರೆ ಇಲ್ಲ ಎನ್ನುವುದು ಹೇಗೆ?

ಎಚ್‌ಐವಿ ನನ್ನ ಗಂಡನನ್ನು ಹೊತ್ತುಕೊಂಡು ಹೋಗಿ ಹನ್ನೆರಡು ವರ್ಷವಾಯಿತು. ಅದೇ ಎಚ್‌ಐವಿ ನನ್ನ ಮೈಯಲ್ಲೂ ಇದೆ. ಆದರೆ ನಾನು ಒಂದು ಮಾತ್ರೆಯನ್ನೂ ನುಂಗಿದವಳಲ್ಲ. ನೀರಿನ ಬಿಂದಿಗೆ ಹೊರುತ್ತೇನೆ, ಬುಟ್ಟಿ ಹೆಣೆಯುತ್ತೇನೆ, ಮದುವೆ ಮನೆಯಲ್ಲಿ ಕಾಲೆತ್ತಿ ಕುಣಿಯುತ್ತೇನೆ. ಊರಲ್ಲಿ ನನ್ನನ್ನು 'ಮಾತ್ರೆ ಬೇಡದ ಮಾಬೆಂಗು' ಎಂದೇ ಕರೆಯುತ್ತಾರೆ. ನನ್ನಂಥವರು ನೂರರಲ್ಲಿ ಒಬ್ಬರೂ ಕಷ್ಟ ಎಂದು ನೀನೇ ಹೇಳಿದೆ. ಆ ಗಂಟಿನೊಳಗೆ ಏನು ಕಂಡಿತು, ಬರೆ. ಫೋನ್ ಮಾಡಬೇಡ. ಸಿಗ್ನಲ್ ಸಿಗುವ ಗುಡ್ಡದ ಮೇಲೆ ನಿಂತು ಕೂಗಿ ಮಾತಾಡಿದರೆ ಊರಿಗೇ ಡಂಗುರ ಹೊಡೆದ ಹಾಗೆ. ಟ್ಯಾಕ್ಸಿಯ ಮಫೇಕಾನ ಕೈಗೆ ಕೊಡು. ಅವನಿಗೆ ತನ್ನ ಗಾಡಿಯ ಹಾಡು ಬಿಟ್ಟರೆ ಬೇರೆ ಯಾರ ಗೊಡವೆಯೂ ಇಲ್ಲ.

ಮಗ ರಿಚರ್ಡ್ಸ್ ಬೇ ಬಂದರಿನಲ್ಲೇ ಇದ್ದಾನೆ. ಮನೆಯಲ್ಲಿ ನಾನು, ಸೊಸೆ ಥೊಬೆಕಾ. ಅವಳು ಬಸುರಿ, ಜುಲೈಗೆ ದಿನ. ಅವಳ ರಕ್ತದಲ್ಲೂ ಅದೇ ಕಾಯಿಲೆ, ಕ್ಲಿನಿಕ್ಕಿನಲ್ಲಿ ದಿನಕ್ಕೊಂದು ಮಾತ್ರೆ ಕೊಟ್ಟಿದ್ದಾರೆ. ಹುಡುಗಿ ಒಳ್ಳೆಯವಳು, ಮಾತು ಕಡಿಮೆ.

ನನ್ನ ಕೆಂಪು ಕೋಳಿ ಮಾತ್ರ ಮೊಟ್ಟೆ ಇಡುವುದನ್ನು ನಿಲ್ಲಿಸಿದೆ. ಮುದಿಯಾಯಿತೇನೋ.

ನಿನ್ನ ದೊಡ್ಡಮ್ಮ,
ಮಾಬೆಂಗು

*

ಡರ್ಬನ್
26 ಫೆಬ್ರವರಿ 2014

ದೊಡ್ಡಮ್ಮನಿಗೆ ನಮಸ್ಕಾರ.

ಮಫೇಕಾ ಗಾಡಿಯಿಂದ ಇಳಿಯದೆ ಕಿಟಕಿಯಲ್ಲೇ ಪತ್ರ ಕೊಟ್ಟು, "ಮುದುಕಿ ಉತ್ರ ತರ್ದೆ ಬರ್ಬೇಡ ಅಂದೈತೆ" ಎಂದ. ಅದಕ್ಕೇ ಇವತ್ತು ಬೇರೆ ಕೆಲಸ ಬದಿಗಿಟ್ಟು ಕೂತಿದ್ದೇನೆ.

ನಿಮ್ಮ ಗಂಟಿನ, ಅಂದರೆ ದುಗ್ಧಗ್ರಂಥಿಯ, ಜೀವಕೋಶಗಳನ್ನು ಬೆಚ್ಚಗಿಟ್ಟು ಮೈಕ್ರೋಸ್ಕೋಪಿನ ಕೆಳಗೆ ನೋಡಿದೆವು. ಹಸಿರಾಗಿ ಹೊಳೆಯುವ ಹಾಗೆ ಮಾಡಿದ ವೈರಸ್ಸನ್ನು ಅವುಗಳ ನಡುವೆ ಬಿಟ್ಟೆವು. ವೈರಸ್ಸು ರಕ್ತದಲ್ಲಿ ಒಂಟಿಯಾಗಿ ತೇಲಿಕೊಂಡು ಹೋಗುವುದು ರಸ್ತೆಯಲ್ಲಿ ಹೋದ ಹಾಗೆ. ರಸ್ತೆಯಲ್ಲಿ ಕಾವಲಿರುತ್ತದೆ. ಅದನ್ನು ಹಿಡಿದು ಅಂಟಿಕೊಳ್ಳುವ ಪ್ರತಿಕಾಯಗಳು ಅಲ್ಲಿ ಕಾಯುತ್ತಿರುತ್ತವೆ. ಆದರೆ ಈ ಕಳ್ಳ ರಸ್ತೆಯನ್ನು ಅಷ್ಟಾಗಿ ನೆಚ್ಚಿಕೊಂಡಿಲ್ಲ. ಸೋಂಕು ತಗಲಿದ ಕೋಶ ಪಕ್ಕದ ಕೋಶಕ್ಕೆ ಮೈ ಒತ್ತಿ ನಿಲ್ಲುತ್ತದೆ. ಎರಡು ಮನೆಗಳ ನಡುವಿನ ಬೇಲಿಯಲ್ಲಿ ಸಂದು ಮಾಡಿಕೊಂಡ ಹಾಗೆ. ಆ ಸಂದಿನಲ್ಲಿ ವೈರಸ್ಸು ಹಿಂಡು ಹಿಂಡಾಗಿ ಆ ಕಡೆಗೆ ದಾಟುತ್ತದೆ. ಎರಡು ಮೈ ಅಷ್ಟು ಒತ್ತಿಕೊಂಡಿರುವ ಕಡೆ ಪ್ರತಿಕಾಯಗಳಿಗೆ ಕೈ ಹಾಕಲು ಜಾಗವೇ ಸಾಲದು. ನೋಡುತ್ತಾ ನೋಡುತ್ತಾ ಕಪ್ಪಗಿದ್ದ ಕೋಶ ಹಸಿರಾಯಿತು. ನಮ್ಮ ಮುಖ್ಯಸ್ಥ ಡಾಕ್ಟರ್ ಪೆರುಮಾಳ್, "ಬಡ್ಡೀಮಗಂದು, ನಮ್ಮ ಕಣ್ಣೆದುರಿಗೇ ದಾಟ್ತು ನೋಡಮ್ಮಾ!" ಎಂದು ಕುರ್ಚಿಯಿಂದ ಎದ್ದೇಬಿಟ್ಟರು.

ಅದರ ಆಟ ಇಷ್ಟಕ್ಕೇ ಮುಗಿಯುವುದಿಲ್ಲ. ನಮ್ಮ ಮೈಯ ಸಕ್ಕರೆಯನ್ನೇ ಮೈತುಂಬ ಹೊದ್ದು ನಮ್ಮವನ ಹಾಗೆ ಓಡಾಡುತ್ತದೆ. ಕಾವಲಿನವರು ಗುರುತು ಹಿಡಿಯುವಷ್ಟರಲ್ಲಿ ವೇಷ ಬದಲಿಸುತ್ತದೆ. ಒಳಗೆ ಕಳ್ಳ ಹೊಕ್ಕಿದ್ದಾನೆ ಎಂದು ತಿಳಿಸಲು ಪ್ರತಿ ಕೋಶವೂ ಹೊರಗೆ ಒಂದು ಬಾವುಟ ಹಾರಿಸುತ್ತದೆ. ವೈರಸ್ಸು ಆ ಬಾವುಟವನ್ನೇ ಎಳೆದು ಒಳಗೆ ಹಾಕಿಕೊಳ್ಳುತ್ತದೆ. ಕೆಲವು ಕೋಶಗಳಲ್ಲಿ ಸದ್ದಿಲ್ಲದೆ ವರ್ಷಗಟ್ಟಲೆ ಮಲಗಿಬಿಡುತ್ತದೆ.

ಆದರೆ ನಿಮ್ಮ ರಕ್ತದ ಕಾವಲುಗಾರರು ಸಾಮಾನ್ಯರಲ್ಲ ದೊಡ್ಡಮ್ಮ. ಸೋಂಕು ತಗಲಿದ ಕೋಶವನ್ನು ಹುಡುಕಿ ಕೊಲ್ಲುವ ಕೋಶಗಳಿವೆಯಲ್ಲ, ನಿಮ್ಮಲ್ಲಿ ಅವು ಕಳ್ಳ ಇಳಿಸಿದ ಬಾವುಟವನ್ನೂ ಪತ್ತೆ ಹಚ್ಚುವಷ್ಟು ಚುರುಕು. ಇಷ್ಟು ಒಳ್ಳೆಯ ಕಾವಲನ್ನು ನಾನು ಬೇರೆಲ್ಲೂ ನೋಡಿಲ್ಲ.

ಥೊಬೆಕಾ ಮಾತ್ರೆ ತಪ್ಪಿಸದಿರಲಿ. ಮಗುವಿಗೆ ಅದೇ ಬೇಲಿ.

ನಿಮ್ಮ
ನೊಕುಲಿಂದಾ

*

ಝುಂಗು ಮನೆ
16 ಮಾರ್ಚ್ 2014

ಮಗಳೇ,

ನಿನ್ನ ಪತ್ರವನ್ನು ಕ್ಲಿನಿಕ್ಕಿನ ಅಂಗಳದಲ್ಲಿ ನಿಂತು ಓದಿದೆ, ಜೋರಾಗಿ. ಕಳ್ಳ ಸಕ್ಕರೆ ಹೊದ್ದುಕೊಳ್ಳುವ ಕಡೆ ಎಲ್ಲರೂ ಬಿದ್ದು ಬಿದ್ದು ನಕ್ಕರು. "ಇಷ್ಟು ಒಳ್ಳೆಯ ಕಾವಲನ್ನು ಬೇರೆಲ್ಲೂ ನೋಡಿಲ್ಲ" ಎಂಬುದನ್ನು ಎರಡು ಸಲ ಓದಿದೆ. "ಕೇಳಿಸ್ಕೊಂಡ್ರೇನ್ರೇ? ಝುಂಗು ಮನೆ ಕಾವಲು ಅಂದ್ರೆ ಹಿಂಗಿರುತ್ತೆ!" ಅಂದೆ. ಥೊಬೆಕಾ ನನ್ನ ಚೀಲ ಹಿಡಿದು ಪಕ್ಕದಲ್ಲೇ ನಿಂತಿದ್ದಳು. ಅವಳ ಮುಖ ಅಷ್ಟು ಅರಳಿದ್ದನ್ನು ಮದುವೆಯ ದಿನವೂ ನೋಡಿರಲಿಲ್ಲ. ದಾರಿಯಲ್ಲಿ, "ಅಮ್ಮಾ, ನಿಮ್ಗೆ ಈ ಶಕ್ತಿ ಮದ್ವೆಗೆ ಮುಂಚೆ ಬಂತಾ, ಈ ಮನೆಗೆ ಬಂದ್ಮೇಲೆ ಬಂತಾ?" ಎಂದು ಕೇಳಿದಳು. ಈ ಮನೆಯ ಮೆಕ್ಕೆಜೋಳದ ಪುತ್ತು, ಈ ಮನೆಯ ಮೊಸರು ತಿಂದೇ ಬಂದದ್ದು ಎಂದೆ. ಸೊಸೆಗೆ ಗಂಡನ ಮನೆಯ ಮೇಲೆ ಹೆಮ್ಮೆ ಇರಬೇಕಲ್ಲ.

ಕೋಳಿಯ ಸಮಾಚಾರ ಕೇಳು. ಮುದಿಯಾಗಿದೆ ಎಂದು ಸಾರಿಗೆ ಹಾಕುವುದಕ್ಕಿದ್ದೆ. ಮೊನ್ನೆ ಬೆಳಿಗ್ಗೆ ದನದ ದೊಡ್ಡಿಯಿಂದ ರಾಣಿಯ ಹಾಗೆ ಹೊರಗೆ ಬಂತು, ಹಿಂದೆ ಮರಿಗಳ ಮೆರವಣಿಗೆ! ಅಷ್ಟು ದಿನವೂ ಅಲ್ಲೇ ಮೊಟ್ಟೆ ಇಟ್ಟು ಕಾವು ಕೂತಿತ್ತು. ಗಂಡನ ಮನೆಯ ದೊಡ್ಡಿಗೆ ಸೊಸೆಯಾದವಳು ಕಾಲಿಡುವುದಿಲ್ಲ. ಅದು ತೀರಿಕೊಂಡ ಹಿರಿಯರ ಜಾಗ. ನಾನು ಹೋಗುವುದಿಲ್ಲ, ಥೊಬೆಕಾ ಹೋಗುವುದಿಲ್ಲ. ದನ ಬಿಡಲು ಬರುವ ಮೈದುನ ಫಿಕೆನಿಗೆ ಕಣ್ಣಿಗೆ ಪೊರೆ ಬಂದು ಹಸುವೇ ಸರಿಯಾಗಿ ಕಾಣುವುದಿಲ್ಲ, ಇನ್ನು ಮೊಟ್ಟೆ ಎಲ್ಲಿ ಕಾಣಬೇಕು? ಹುಂಜಕ್ಕಿಂತ ಈ ಹೇಂಟೆಗೆ ಬುದ್ಧಿ ಜಾಸ್ತಿ.

ಒಂದು ಮಾತು. ನಾನು ಆರನೇ ಕ್ಲಾಸಿನ ತನಕ ಓದಿದವಳು, ದಡ್ಡಿಯಲ್ಲ. ನೀನು ರಕ್ತವನ್ನು ಹಾಡಿ ಹೊಗಳಿದ್ದೀಯ. ನೀವು ಕೊಯ್ದದ್ದು ಗಂಟನ್ನು. ಹೊರಗಿಂದ ಬಿಟ್ಟ ಹಸಿರು ವೈರಸ್ಸಿನ ಕಥೆ ಹೇಳಿದೆ, ಗಂಟಿನೊಳಗೆ ಮೊದಲೇ ಇದ್ದದ್ದರ ವಿಷಯ ಒಂದು ಸಾಲೂ ಇಲ್ಲ. ಮಗು ಬಿದ್ದು ಪೆಟ್ಟು ಮಾಡಿಕೊಂಡಾಗ ನಿನ್ನ ತಾಯಿಯೂ ಹೀಗೇ ಮೊದಲು ಅಂಗಿಯ ಚಂದ ಹೊಗಳುತ್ತಿದ್ದಿರಬೇಕು. ಮುಚ್ಚಿಡಬೇಡ.

ಮಾಬೆಂಗು

*

ಡರ್ಬನ್
2 ಏಪ್ರಿಲ್ 2014

ದೊಡ್ಡಮ್ಮ,

ನೀವು ಹಿಡಿದುಬಿಟ್ಟಿರಿ. ಹೇಳಲು ಮಾತು ಹುಡುಕುತ್ತಿದ್ದೆ, ನಿಮ್ಮ ಕೋಳಿ ಹುಡುಕಿಕೊಟ್ಟಿತು.

ಗಂಟಿನೊಳಗೆ ದುಂಡನೆಯ ಕೋಣೆಗಳಿವೆ. ಪ್ರತಿಕಾಯ ತಯಾರಿಸುವ ಕೋಶಗಳು ಬೆಳೆಯುವ ಜಾಗ ಅದು. ಮನೆಯಲ್ಲಿ ದೊಡ್ಡಿ ಇದ್ದ ಹಾಗೆ. ನಿಮ್ಮ ಆ ಕೊಲ್ಲುವ ಕೋಶಗಳು, ಅಷ್ಟು ಚುರುಕಾದವು, ಗಂಟಿನ ಮೂಲೆ ಮೂಲೆಯನ್ನೂ ಗುಡಿಸಿ ಇಟ್ಟಿವೆ. ಆ ದುಂಡು ಕೋಣೆಯ ಬಾಗಿಲಿಗೆ ಬಂದು ಮಾತ್ರ ನಿಂತುಬಿಡುತ್ತವೆ. ಒಳಗೆ ಕಾಲಿಡುವ ಪದ್ಧತಿ ಅವಕ್ಕಿಲ್ಲ. ಎಲ್ಲ ಮನುಷ್ಯರಲ್ಲೂ ಹೀಗೇ, ನಿಮ್ಮೊಬ್ಬರ ಕೊರತೆಯಲ್ಲ. ವೈರಸ್ಸು ಅಲ್ಲಿ ಕಾವು ಕೂತಿದೆ ದೊಡ್ಡಮ್ಮ. ಒಳಗಿನ ಕೋಶಗಳು ಒಂದಕ್ಕೊಂದು ಒತ್ತಿಕೊಂಡೇ ಇರುತ್ತವೆ. ಹಾಗಾಗಿ ಅದು ರಸ್ತೆಗೆ ಇಳಿಯುವುದೇ ಬೇಕಿಲ್ಲ. ಬೇಲಿಯ ಸಂದಿನಲ್ಲೇ ಮನೆಯಿಂದ ಮನೆಗೆ ಹೋಗುತ್ತಿದೆ. ನಿಮ್ಮ ರಕ್ತ ಶಾಂತವಾಗಿದೆ. ದೊಡ್ಡಿ ಶಾಂತವಾಗಿಲ್ಲ.

ಸರ್ಕಾರದ ಈಗಿನ ನಿಯಮದ ಪ್ರಕಾರ ನಿಮ್ಮ ರಕ್ತದಲ್ಲಿನ ರೋಗನಿರೋಧಕ ಕೋಶಗಳ ಎಣಿಕೆಗೆ ಇನ್ನೂ ಮಾತ್ರೆ ಬೇಕಿಲ್ಲ. ಆದರೂ ನೀವು ಮಾತ್ರೆ ಶುರು ಮಾಡಬೇಕು ಎಂದು ನಾನು ಖಂಡಿತವಾಗಿ ಹೇಳುತ್ತೇನೆ. ಒಳಗಿನ ಈ ಸೆಣಸಾಟ ನಿಮ್ಮ ಹೃದಯವನ್ನು, ಮೂಳೆಯನ್ನು ಸವೆಸುತ್ತದೆ. ಎಂದಾದರೊಂದು ದಿನ ಅದು ಹೊಸ ವೇಷ ಹಾಕಿಕೊಂಡು ಬಾಗಿಲು ದಾಟಬಹುದು. ಡಾಕ್ಟರ್ ಪೆರುಮಾಳ್ ಬರೆದ ಚೀಟಿ ಇದರ ಜೊತೆ ಇದೆ, ಸಿಸ್ಟರಿಗೆ ಕೊಡಿ. ಮಾತ್ರೆ ಆ ಕೋಣೆಯೊಳಗೆ ಪೂರ್ತಿ ಹೋಗುತ್ತದೆಯೇ ಎಂಬುದು ನಮಗಿನ್ನೂ ಗೊತ್ತಿಲ್ಲ. ಆದರೆ ಅಲ್ಲಿಂದ ಹೊರಗೆ ಬಂದ ವೈರಸ್ಸನ್ನು ಬೆಳೆಯಲು ಬಿಡುವುದಿಲ್ಲ, ಅದು ಗೊತ್ತು.

ನೀವು ಮಾತ್ರೆ ತೆಗೆದುಕೊಂಡರೆ ನಮ್ಮ ಅಧ್ಯಯನದಲ್ಲಿ ನಿಮ್ಮಂಥವರು ಇನ್ನಾರೂ ಉಳಿಯುವುದಿಲ್ಲ. ಈ ಮಾತು ಬರೆಯಲು ತಡವಾದದ್ದಕ್ಕೆ ಅದೂ ಒಂದು ಕಾರಣವೇನೋ, ನನಗೇ ಸರಿಯಾಗಿ ಗೊತ್ತಿಲ್ಲ. ಈಗ ಬರೆದಿದ್ದೇನೆ.

ನೊಕುಲಿಂದಾ

*

ಡರ್ಬನ್
5 ಮೇ 2014

ದೊಡ್ಡಮ್ಮ,

ಒಂದು ತಿಂಗಳಾಯಿತು. ಮಫೇಕಾನನ್ನು ವಾರವಾರವೂ ಕೇಳುತ್ತಿದ್ದೇನೆ. ಮೊನ್ನೆ, "ಗೇಟ್ ಹತ್ರ ಹಾರ್ನ್ ಹೊಡ್ದೆ ಅಕ್ಕಾ, ಮುದುಕಿ ಅಂಗಳದಾಗೇ ಕುಂತಿತ್ತು, ಮೊಕ ತಿರಿಗಿಸ್ಕೊಂತು" ಎಂದ. ಮಾತ್ರೆಯ ಮಾತಿಗೆ ಕೋಪವಾದರೆ ಬೈದು ಬರೆಯಿರಿ. ನಿಮ್ಮ ಬೈಗುಳವೂ ನನಗೆ ಬೇಕು.

ನೊಕುಲಿಂದಾ

*

ಝುಂಗು ಮನೆ
18 ಮೇ 2014

ಮಗಳೇ,

ಕೋಪ ಬಂದಿತ್ತು. ಯಾಕೆ ಬರಬಾರದು? ಊರಿಗೆಲ್ಲ ಒಬ್ಬಳೇ ಮಾಬೆಂಗು ಇದ್ದೆ. ನಿನ್ನ ಒಂದು ಹಾಳೆ ನನ್ನನ್ನು ಎಲ್ಲರ ಸಾಲಿನಲ್ಲಿ ತಂದು ನಿಲ್ಲಿಸಿತು. ಪತ್ರವನ್ನು ಅರ್ಧ ಹೆಣೆದ ಬುಟ್ಟಿಯೊಳಗೆ ಎಸೆದು, ಆ ಬುಟ್ಟಿಯನ್ನೂ ಮುಟ್ಟದೆ ಕೂತೆ.

ಮೂರು ವಾರ ಕಳೆಯುವಷ್ಟರಲ್ಲಿ ಆ ಕೆಂಪು ಕೋಳಿ ಮತ್ತೆ ಕೊಕ್ಕೊಕ್ಕೋ ಎನ್ನುತ್ತಾ ದೊಡ್ಡಿಯ ಕಡೆ ಹೊರಟಿತು. ಅದರ ಹಿಂಭಾಗ ನೋಡುತ್ತಾ ನನಗೆ ನಿನ್ನ ಮಾತು ತಲೆಗೆ ಬಂತು. ಬಾಗಿಲಿಗೆ ಬಂದು ನಿಂತುಬಿಡುತ್ತವೆ ಎಂದು ಬರೆದಿದ್ದೆಯಲ್ಲ, ನಾನೂ ಅದನ್ನೇ ಮಾಡುತ್ತಿದ್ದೇನೆ! ನನ್ನ ಮುಟ್ಟು ನಿಂತು ಎಷ್ಟೋ ಕಾಲವಾಯಿತು. ನನ್ನ ವಯಸ್ಸಿನ ವಿಧವೆ ಹಿರಿಯರಿಗೆ ಹೇಳಿ ಒಳಗೆ ಹೋದರೆ ಯಾರೂ ಬೇಡ ಎನ್ನುವುದಿಲ್ಲ. ಹೋಗದೆ ಹೋಗದೆ ಅಭ್ಯಾಸವಾಗಿತ್ತು, ಅಷ್ಟೇ. ಫಿಕೆನಿಯನ್ನು ಕರೆದು ಕೇಳಿದೆ. "ಹೋಗು ಅತ್ಗೆ, ನನ್ನ ಕಣ್ಣಿಗಂತೂ ನೀನು ಕಾಣಲ್ಲ" ಅಂದ, ಪಾಪಿ. ದೊಡ್ಡಿಯ ಬಾಗಿಲಲ್ಲಿ ನಿಂತು, "ಝುಂಗು ಮನೆ ಹಿರಿಯರೇ, ನಿಮ್ಮ ಸೊಸೆ ಬಂದಿದೀನಿ. ಮೊಟ್ಟೆ ಹುಡ್ಕೋಕೆ ಬಂದಿದ್ದು, ಜಗಳಕ್ಕಲ್ಲ" ಎಂದು ಹೇಳಿ ಒಳಗೆ ಹೋದೆ.

ಮೊಟ್ಟೆ ಇತ್ತು. ಅದರ ಮೇಲುಗಡೆ ಕಲ್ಲುಗೋಡೆಯ ಒಳಬದಿಯಲ್ಲಿ ಒಂದು ಪ್ಲಾಸ್ಟಿಕ್ ಚೀಲವೂ ನೇತಾಡುತ್ತಿತ್ತು. ಬಿಚ್ಚಿ ನೋಡಿದರೆ ಥೊಬೆಕಾಳ ಮಾತ್ರೆಯ ಡಬ್ಬಿಗಳು. ಒಂದರ ಮುಚ್ಚಳ ಮಾತ್ರ ತೆರೆದಿತ್ತು. ಉಳಿದವುಗಳ ಸೀಲೂ ಒಡೆದಿರಲಿಲ್ಲ. ಹೊರಗೆ ನಿಂತು ಗೋಡೆಯ ಮೇಲಿಂದ ಕೈ ಚಾಚಿ ಒಳಗೆ ಇಳಿಬಿಟ್ಟಿದ್ದಾಳೆ. ಅತ್ತೆ ಎಂದೂ ಕಾಲಿಡದ ಜಾಗ ಇದೊಂದೇ ಎಂದು ಗೊತ್ತು. ಪದ್ಧತಿಯನ್ನೂ ಮುರಿದಿಲ್ಲ ನೋಡು, ನನ್ನ ಸೊಸೆ!

ಅವಳು ಒಲೆಯ ಮುಂದೆ ಇದ್ದಳು. ಚೀಲವನ್ನು ಅವಳ ಮುಂದೆ ಇಟ್ಟೆ.

"ಇದೇನೇ?"

"ಅಮ್ಮಾ, ನೀವು ಒಳಗೆ ಹೋದ್ರಾ?"

"ನಾನು ಹೋದ ವಿಷ್ಯ ಆಮೇಲೆ. ನಿನ್ನದು ಹೇಳು."

"ನಿಮ್ಗೆ ಬೇಡದ್ದು ನಂಗ್ಯಾಕೆ? ನಾನೂ ಈ ಮನೆ ಪುತ್ತೂನೇ ತಿಂತಿರೋದು."

"ಪುತ್ತು ತಿಂದ್ರೆ ಕಾವಲು ಬರುತ್ತೇನೇ ಮಂಕೇ?"

"ನೀವೇ ಅಂದಿದ್ದು! ಎಲ್ರ ಮುಂದೆ ಪತ್ರ ಓದಿ, ಝುಂಗು ಮನೆ ಕಾವಲು ಹಿಂಗಿರುತ್ತೆ ಅಂದ್ರಿ. ನಾನು ದಿನಾ ಮಾತ್ರೆ ನುಂಗ್ತಾ ಕೂತ್ರೆ ಏನಂತಾರೆ? ಆ ಅತ್ತೆಗೆ ಇಂಥಾ ಸೊಸೆ ಸಿಕ್ಳಲ್ಲ ಅಂತಾರೆ. ನಿಮ್ಮ ಮನೆಗೆ ತಕ್ಕೋಳಾಗ್ಬೇಕು ಅಂತಾನೇ ಬಿಟ್ಟೆ."

ಮಗಳೇ, ಈ ಹುಡುಗಿಯ ಹೊಟ್ಟೆಯಲ್ಲಿ ಏಳು ತಿಂಗಳಿನ ಮಗು. ಮಾತ್ರೆ ಬಿಟ್ಟು ಅವಳು ನನ್ನ ಜಂಬವನ್ನು ನುಂಗುತ್ತಿದ್ದಳು. ಕಾಯಿಲೆ ಕೋಶದಿಂದ ಕೋಶಕ್ಕೆ ಹೇಗೆ ದಾಟುತ್ತದೆ ಎಂದು ನೀನು ಬರೆದೆ. ನನ್ನ ಮಾತು ನನ್ನಿಂದ ಅವಳಿಗೆ ಹಾಗೇ ದಾಟಿತ್ತು, ಪಕ್ಕದಲ್ಲಿ ನಿಂತಿದ್ದಕ್ಕೆ. ನನಗೆ ಭಯವಾಯಿತು. ಗಂಡ ಸತ್ತಾಗಲೂ ಅಷ್ಟು ಭಯವಾಗಿರಲಿಲ್ಲ.

"ಏಳು, ಚಾದರ ಹೊದ್ಕೋ" ಎಂದೆ.

ಇಬ್ಬರೂ ಕ್ಲಿನಿಕ್ಕಿಗೆ ಹೋದೆವು. ನಾನು ಮುಂದಿನ ಬೆಂಚಿನಲ್ಲೇ ಕೂತೆ. "ಏನ್ ಮಾಬೆಂಗು, ದಾರಿ ತಪ್ಪಿ ಬಂದ್ರಾ? ಇದು ಮಾತ್ರೆ ಸಾಲು" ಎಂದು ಒಬ್ಬಳು ಚುಚ್ಚಿದಳು. "ದಾರಿ ಈಗ ಸಿಕ್ತು ಕಣೇ. ಜರುಗು" ಎಂದೆ. ಪೆರುಮಾಳರ ಚೀಟಿಯನ್ನು ಸಿಸ್ಟರಿಗೆ ಕೊಟ್ಟೆ. ಆಮೇಲೆ ಎದ್ದು ನಿಂತು, ಮಾರ್ಚಿನಲ್ಲಿ ನಿನ್ನ ಪತ್ರ ಓದಿದ ಜಾಗದಲ್ಲೇ, ಏಪ್ರಿಲ್ಲಿನ ಪತ್ರವನ್ನೂ ಓದಿದೆ. ಜೋರಾಗಿಯೇ ಓದಿದೆ. ದೊಡ್ಡಿಯ ಕಡೆ ಬಂದಾಗ ಯಾರೂ ನಗಲಿಲ್ಲ. ಓದು ಮುಗಿದ ಮೇಲೆ ಇಬ್ಬರು ಹುಡುಗಿಯರು ಸಿಸ್ಟರ ಹತ್ತಿರ ಹೋಗಿ ಪಿಸುಗುಟ್ಟಿದರು. ಅವರ ಮನೆಯಲ್ಲಿ ಮಾತ್ರೆ ಎಲ್ಲಿತ್ತೋ, ನಾನು ಕೇಳಲಿಲ್ಲ.

ಈಗ ದಿನವೂ ನಾನು ಮೊದಲು ನುಂಗುತ್ತೇನೆ, ಅವಳು ನೋಡುತ್ತಾಳೆ. ಆಮೇಲೆ ಅವಳು, ನಾನು ನೋಡುತ್ತೇನೆ. ಮೊದಲ ವಾರ ತಲೆ ತಿರುಗಿ ಕೆಟ್ಟ ಕೆಟ್ಟ ಕನಸು ಬಿತ್ತು. ಕನಸಿನಲ್ಲಿ ನೀನೂ ಬಂದಿದ್ದೆ, ಕೈಯಲ್ಲಿ ಕತ್ತರಿ ಹಿಡಿದುಕೊಂಡು.

ಹೊತ್ತು ಮೀರಿದೆಯಾ? ಸುತ್ತಿ ಬಳಸಿ ಬರೆಯಬೇಡ.

ಮಾಬೆಂಗು

*

ಡರ್ಬನ್
27 ಮೇ 2014

ದೊಡ್ಡಮ್ಮ,

ಮೀರಿಲ್ಲ. ಮಾತ್ರೆ ತಪ್ಪದಿದ್ದರೆ ಹೆರಿಗೆಯ ಹೊತ್ತಿಗೆ ಥೊಬೆಕಾಳ ರಕ್ತದ ರಸ್ತೆ ಖಾಲಿಯಾಗಬಹುದು. ಬಹುಪಾಲು ತಾಯಂದಿರಲ್ಲಿ ಆಗುತ್ತದೆ. ಹೆರಿಗೆ ಕ್ಲಿನಿಕ್ಕಿನಲ್ಲೇ ಆಗಲಿ. ಹುಟ್ಟಿದ ಕೂಡಲೇ ಮಗುವಿಗೂ ಔಷಧಿಯ ಹನಿ ಹಾಕಬೇಕು, ಸಿಸ್ಟರಿಗೆ ಗೊತ್ತಿರುತ್ತದೆ. ಆರು ವಾರಕ್ಕೆ ಮಗುವಿನ ರಕ್ತ ಪರೀಕ್ಷೆ. ಅಲ್ಲಿಯವರೆಗೆ ಮಾತು ಕೊಡುವುದಕ್ಕೆ ಯಾರಿಂದಲೂ ಆಗುವುದಿಲ್ಲ, ನನ್ನಿಂದಲೂ. ಆದರೆ ನನಗೆ ಧೈರ್ಯವಿದೆ.

ನಿಮ್ಮ ಪತ್ರವನ್ನು ಪೆರುಮಾಳರಿಗೆ ಓದಿ ಹೇಳಿದೆ. "ನಮ್ಮ ಅಪರೂಪದ ಮುದುಕಿ ಕೈ ತಪ್ಪಿತು" ಎಂದರು. ಆಮೇಲೆ, "ತಪ್ಪಲಿ ಬಿಡಮ್ಮಾ. ಆ ಮನೇಲಿ ಎರಡು ಜೀವ ದಕ್ಕಿದ್ರೆ ಸಾಕು" ಎಂದರು. ನಾನು ಎದ್ದು ಹೋಗಿ ಕೈ ತೊಳೆಯುವ ನೆಪದಲ್ಲಿ ಮುಖ ತೊಳೆದುಕೊಂಡೆ.

ಕತ್ತರಿ ಬಿಟ್ಟು ಬರುತ್ತೇನೆ, ಇನ್ನೊಂದು ಸಲ ಕನಸಿನಲ್ಲಿ.

ನೊಕುಲಿಂದಾ

*

ಝುಂಗು ಮನೆ
21 ಸೆಪ್ಟೆಂಬರ್ 2014

ಮಗಳೇ,

ಜುಲೈ ಕೊನೆಯಲ್ಲಿ ಗಂಡು ಹುಟ್ಟಿದ್ದನ್ನು ಮಫೇಕಾನ ಬಾಯಲ್ಲೇ ಹೇಳಿ ಕಳಿಸಿದ್ದೆ. ಅದಕ್ಕಿಂತ ಹೆಚ್ಚಿಗೆ ಬರೆಯಲಿಲ್ಲ. ನೀನು ಕೇಳುವ ಮಾತಿಗೆ ನನ್ನ ಹತ್ತಿರ ಉತ್ತರವಿರಲಿಲ್ಲ, ಉತ್ತರವಿಲ್ಲದೆ ಪತ್ರ ಬರೆಯುವವಳು ನಾನಲ್ಲ.

ಮಗುವಿನ ಹಿಮ್ಮಡಿಗೆ ಚುಚ್ಚಿ ರಕ್ತ ತೆಗೆದರು. ಫಲಿತಾಂಶ ಬರುವ ತನಕ ಥೊಬೆಕಾ, ನಾನು ಇಬ್ಬರೂ ಬೆಳಿಗ್ಗೆ ಮಾತ್ರೆ ನುಂಗುವಾಗ ಒಬ್ಬರ ಮುಖ ಒಬ್ಬರು ನೋಡುತ್ತಿದ್ದೆವು, ಅಷ್ಟೇ. ಮೊನ್ನೆ ಶುಕ್ರವಾರ ಸಿಸ್ಟರ್ ಕರೆದಳು. ಕಾಗದ ನೋಡಿದಳು, ನನ್ನನ್ನು ನೋಡಿದಳು.

"ಮಾಬೆಂಗು, ಮಗುಗೆ ಇಲ್ಲ."

"ಇನ್ನೊಂದ್ಸಲ ಹೇಳು."

"ಇಲ್ಲ ಕಣಮ್ಮಾ. ಎದೆಹಾಲು ಬಿಡಿಸಿದ ಮೇಲೆ ಇನ್ನೊಮ್ಮೆ ನೋಡ್ಬೇಕು. ಆದ್ರೆ ಇವತ್ತಿಗೆ ಇಲ್ಲ."

ಥೊಬೆಕಾ ನೆಲದ ಮೇಲೆ ಕೂತು ಅತ್ತಳು. ನಾನು ಅಳಲಿಲ್ಲ ಎಂದು ಬರೆಯಬೇಕೆಂದಿದ್ದೆ. ಅತ್ತೆ. ಬೆಂಚಿನವರೆಲ್ಲ ಎದ್ದು ಹಾಡಿದರು. ಮಾತ್ರೆ ಸಾಲಿನಲ್ಲಿ ಯಾರು ಮುಂದೆ, ಯಾರು ಹಿಂದೆ ಎಂಬುದೇ ಮರೆತುಹೋಯಿತು. ಥೊಬೆಕಾಳ ರಕ್ತವನ್ನೂ ನೋಡಿದ್ದಾರೆ, ರಸ್ತೆ ಖಾಲಿ. ಎರಡು ಕೈಯಲ್ಲೂ ಮಾತ್ರೆ ಡಬ್ಬಿ ಹಿಡಿದು, ಎಲ್ಲರಿಗೂ ಕಾಣುವ ಹಾಗೆ ಮನೆಗೆ ಬಂದಳು.

ಮಗುವಿಗೆ ವುಲಿಸಾಂಗೊ ಎಂದು ಹೆಸರಿಟ್ಟಿದ್ದೇನೆ, ಬಾಗಿಲು ತೆರೆ ಎಂದು. ಹಿರಿಯರಿಗೆ ಅವನನ್ನು ತೋರಿಸುವ ದಿನ ಮಗ ರಜೆ ಹಾಕಿ ಬರುತ್ತಾನೆ, ಆಡು ಕಡಿಯುತ್ತೇವೆ. ನೀನು ಆ ದಿನಕ್ಕೇ ಬಾ. ಗೇಟಿನಲ್ಲಿ ನಿಂತು ಕೂಗು, ನಾನೇ ಬಂದು ಕರೆದುಕೊಳ್ಳುತ್ತೇನೆ.

ಕತ್ತರಿಯನ್ನೂ ತಾ. ಮಾತ್ರೆ ಆ ಕೋಣೆಯೊಳಗೆ ಹೋಗುತ್ತದೆಯೋ ಇಲ್ಲವೋ ನಿಮಗೆ ಗೊತ್ತಿಲ್ಲ ಎಂದು ಬರೆದಿದ್ದೆ. ನನ್ನ ಎಡ ಕಂಕುಳನ್ನು ನೀವಿನ್ನೂ ಮುಟ್ಟಿಲ್ಲ. ಮಾತ್ರೆ ನುಂಗುವ ಮಾಬೆಂಗುವಿನ ಗಂಟು ನಿಮ್ಮ ಹತ್ತಿರ ಎಲ್ಲಿದೆ? ಪೆರುಮಾಳರಿಗೆ ಹೇಳು, ಮುದುಕಿ ಎಲ್ಲಿಗೂ ಕೈ ತಪ್ಪಿ ಹೋಗಿಲ್ಲ ಎಂದು. ದೊಡ್ಡಿಯ ಒಳಗೆ ಏನಿದೆ ಎಂದು ನನಗೂ ನೋಡಬೇಕಾಗಿದೆ.

ಕೋಳಿ ಈಗ ಅಡುಗೆಮನೆಯ ಮೂಲೆಯಲ್ಲಿ ಮೊಟ್ಟೆ ಇಡುತ್ತಿದೆ. ದೊಡ್ಡಿಯಲ್ಲಿ ಇಟ್ಟರೆ ನಾನು ಬರುತ್ತೇನೆ ಎಂದು ಅದಕ್ಕೆ ಗೊತ್ತಾಗಿದೆ.

ನಿನ್ನ ದೊಡ್ಡಮ್ಮ,
ಮಾಬೆಂಗು